ಜಗತ್ತಿನ ನಗರಗಳು, ಸ್ಮಾರಕಗಳು: ಅದಲುಬದಲಾಗದಂತೆ ಓದುವ ಕ್ರಮ

ಸ್ಪರ್ಧಾತ್ಮಕ ಪರೀಕ್ಷೆಗೋ ಕ್ವಿಜ್‌ಗೋ ತಯಾರಾಗುವವರ ನೋಟ್ಸ್ ತೆರೆದರೆ ಎಡಕ್ಕೆ ದೇಶ, ಬಲಕ್ಕೆ ರಾಜಧಾನಿ ಎಂಬ ಪಟ್ಟಿ ಸಿಗುತ್ತದೆ. ಉರು ಹೊಡೆದರೆ ಅದು ಬಾಯಿಗೇನೋ ಬರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕೈಕೊಡುತ್ತದೆ. ಪ್ರಶ್ನೆ ತೆಗೆಯುವವರು ತಪ್ಪು ಆಯ್ಕೆಗಳನ್ನು ಸುಮ್ಮನೆ ತುಂಬಿಸುವುದಿಲ್ಲ. ಆಸ್ಟ್ರೇಲಿಯಾದ ರಾಜಧಾನಿ ಕೇಳಿದರೆ ಕ್ಯಾನ್‌ಬೆರಾದ ಪಕ್ಕದಲ್ಲೇ ಸಿಡ್ನಿ, ಮೆಲ್ಬರ್ನ್ ಎರಡನ್ನೂ ಇಡುತ್ತಾರೆ. ಹೆಸರಿಗೆ ಹೆಸರು ಗಂಟು ಹಾಕಿಕೊಂಡವರು ಅಲ್ಲಿ ತಡವರಿಸುತ್ತಾರೆ. ಆ ಊರು ಯಾಕೆ ರಾಜಧಾನಿಯಾಯಿತು ಎಂದು ತಿಳಿದವರಿಗೆ ಗೊಂದಲವಿಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. 200 ಪುಟದ ಒಂದು ನೋಟ್‌ಬುಕ್, ಒಳ್ಳೆಯ ಅಟ್ಲಾಸ್, ಪೆನ್ಸಿಲ್, ಪ್ರತಿ ಖಂಡಕ್ಕೂ ನಾಲ್ಕು ಔಟ್‌ಲೈನ್ ಮ್ಯಾಪ್. ಒಂದು ಮ್ಯಾಪ್ ನದಿ ಮತ್ತು ನಗರ ತುಂಬಿಸಲು, ಉಳಿದ ಮೂರು ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳಲು.

ವಿಶ್ವಸಂಸ್ಥೆಯ ಸದಸ್ಯ ದೇಶಗಳು 193. ಅಷ್ಟನ್ನೂ ಅಕಾರಾದಿಯಾಗಿ ಓದಲು ಹೊರಡಬೇಡಿ. ಬಹುಪಾಲು ದೇಶಗಳಲ್ಲಿ ಅತಿ ದೊಡ್ಡ ನಗರವೇ ರಾಜಧಾನಿ, ಅವು ಹೇಗೂ ನೆನಪಿಗೆ ಬರುತ್ತವೆ. ಹಾಗಿಲ್ಲದ ದೇಶಗಳನ್ನು ಮೊದಲು ಹಿಡಿಯಿರಿ, ಪ್ರತಿಯೊಂದರ ಮುಂದೆ ಕಾರಣವನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಸಿಡ್ನಿ, ಮೆಲ್ಬರ್ನ್‌ಗಳ ನಡುವಿನ ಪೈಪೋಟಿ ಬಗೆಹರಿಸಲು ಕಟ್ಟಿದ ಊರು ಕ್ಯಾನ್‌ಬೆರಾ. ಸಂಸತ್ತು ಅಲ್ಲಿಗೆ ಬಂದದ್ದು 1927ರಲ್ಲಿ. ಕರಾವಳಿಗೆ ಅಂಟಿಕೊಂಡಿದ್ದ ಬ್ರೆಜಿಲ್ ಒಳನಾಡನ್ನು ಬೆಳೆಸಲೆಂದು 1960ರಲ್ಲಿ ರಿಯೋ ಬಿಟ್ಟು ಬ್ರೆಸೀಲಿಯಾಕ್ಕೆ ಹೋಯಿತು. ನೈಜೀರಿಯಾ ದೇಶದ ನಡುಭಾಗದಲ್ಲಿ ರಾಜಧಾನಿ ಬೇಕೆಂದು 1991ರಲ್ಲಿ ಲಾಗೋಸ್‌ನಿಂದ ಅಬುಜಾಕ್ಕೆ ಬಂತು. ಟರ್ಕಿ 1923ರಲ್ಲಿ ಅಂಕಾರಾವನ್ನು ಆರಿಸಿಕೊಂಡಿತು, ಇಸ್ತಾಂಬುಲ್ ಅತಿ ದೊಡ್ಡ ನಗರವಾಗಿ ಉಳಿಯಿತು. ಕೆನಡಾದ ಒಟ್ಟಾವಾ, ನ್ಯೂಜಿಲೆಂಡ್‌ನ ವೆಲ್ಲಿಂಗ್ಟನ್, ಮೊರಾಕ್ಕೊದ ರಬಾತ್, ಮ್ಯಾನ್ಮಾರ್‌ನ ನೈಪಿಡೋ ಇದೇ ಪುಟಕ್ಕೆ ಸೇರಲಿ.

ಒಂದಕ್ಕಿಂತ ಹೆಚ್ಚು ರಾಜಧಾನಿಯಿರುವ ದೇಶಗಳಿಗೆ ಬೇರೆ ಪುಟ ಇಡಿ. ಇಲ್ಲಿ ಪ್ರಶ್ನೆಯ ಒಂದು ಪದ ಉತ್ತರವನ್ನೇ ಬದಲಿಸುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ಆಡಳಿತ ಪ್ರಿಟೋರಿಯಾದಲ್ಲಿ, ಸಂಸತ್ತು ಕೇಪ್‌ಟೌನ್‌ನಲ್ಲಿ, ನ್ಯಾಯಾಂಗ ರಾಜಧಾನಿ ಬ್ಲೂಮ್‌ಫಾಂಟೇನ್. ಅದೇ ದೇಶದ ಸಂವಿಧಾನ ನ್ಯಾಯಾಲಯ ಮಾತ್ರ ಜೋಹಾನ್ಸ್‌ಬರ್ಗ್‌ನಲ್ಲಿದೆ. ಬೊಲಿವಿಯಾದ ಸಂವಿಧಾನಬದ್ಧ ರಾಜಧಾನಿ ಸುಕ್ರೆ, ಸರ್ಕಾರ ನಡೆಯುವುದು ಲಾ ಪಾಜ್‌ನಿಂದ. ನೆದರ್ಲೆಂಡ್ಸ್‌ಗೆ ರಾಜಧಾನಿ ಆಮ್‌ಸ್ಟರ್‌ಡ್ಯಾಮ್, ಸರ್ಕಾರ ಕೂರುವುದು ಹೇಗ್‌ನಲ್ಲಿ.

ಇನ್ನು ಮ್ಯಾಪ್. ನದಿಗಳನ್ನು ಮೊದಲು ಎಳೆಯಿರಿ, ಊರುಗಳನ್ನು ಆಮೇಲೆ ಗುರುತಿಸಿ. ಡ್ಯಾನ್ಯೂಬ್ ಹರಿಯುವ ದಿಕ್ಕಿನಲ್ಲೇ ವಿಯೆನ್ನಾ, ಬ್ರಾಟಿಸ್ಲಾವಾ, ಬುಡಾಪೆಸ್ಟ್, ಬೆಲ್‌ಗ್ರೇಡ್ ಎಂದು ನಾಲ್ಕು ರಾಜಧಾನಿಗಳು ಬರುತ್ತವೆ. ಹಂಗೆರಿಯ ಬುಡಾಪೆಸ್ಟ್ ಮತ್ತು ರೊಮೇನಿಯಾದ ಬುಕಾರೆಸ್ಟ್ ಎಲ್ಲರಿಗೂ ಅದಲುಬದಲಾಗುವ ಜೋಡಿ. ಡ್ಯಾನ್ಯೂಬ್ ಬುಡಾಪೆಸ್ಟ್‌ನ ಮಧ್ಯದಲ್ಲೇ ಹರಿಯುತ್ತದೆ, ಬುಕಾರೆಸ್ಟ್ ಅದರ ದಡದಲ್ಲಿಲ್ಲ. ಕೈಯಾರೆ ನದಿ ಎಳೆದವರಿಗೆ ಈ ಜೋಡಿ ಮತ್ತೆ ತೊಂದರೆ ಕೊಡುವುದು ಕಡಿಮೆ. ಆಫ್ರಿಕಾದ ಕಾಂಗೊ ನದಿಯ ಒಂದು ದಡದಲ್ಲಿ ಕಿನ್ಶಾಸಾ, ಎದುರು ದಡದಲ್ಲಿ ಬ್ರಾಜಾವಿಲ್: ಎರಡು ದೇಶಗಳ ರಾಜಧಾನಿಗಳು ಎದುರುಬದುರು ಕೂತಿವೆ. ಇಲ್ಲಿ ಹೆಚ್ಚಾಗಿ ಆಗುವ ತಪ್ಪೆಂದರೆ ಕ್ಯಾನ್‌ಬೆರಾವನ್ನು ಆಸ್ಟ್ರೇಲಿಯಾದ ನಟ್ಟನಡುವೆ ಇಡುವುದು. ಅದರ ಜಾಗ ಆಗ್ನೇಯ ಮೂಲೆಯಲ್ಲಿ, ಮೆಲ್ಬರ್ನ್‌ಗಿಂತ ಸಿಡ್ನಿಗೆ ಹತ್ತಿರ. ಕೇಪ್‌ಟೌನ್ ಬಳಿಯ ಗುಡ್ ಹೋಪ್ ಭೂಶಿರವನ್ನು ಆಫ್ರಿಕಾದ ದಕ್ಷಿಣ ತುದಿ ಎನ್ನುವುದೂ ತಪ್ಪು; ಆ ತುದಿ ಅಗುಲ್ಹಾಸ್ ಭೂಶಿರ.

ಸ್ಮಾರಕಗಳ ಓದಿಗೆ ಹೆಚ್ಚು ಸಮಯ ಕೊಡಿ, ಬಲೆ ಹಾಕುವ ಪ್ರಶ್ನೆಗಳು ಬರುವುದು ಇಲ್ಲಿಂದಲೇ. ಒಂದು ಸ್ಮಾರಕಕ್ಕೆ ಅರ್ಧ ಪುಟ, ಅದರಲ್ಲಿ ಐದು ಸಾಲು: ಎಲ್ಲಿದೆ, ಯಾರದು, ಯಾವಾಗ ಮುಗಿಯಿತು, ಯಾವುದರಿಂದ ಕಟ್ಟಿದ್ದು, ಅಳತೆ ಎಷ್ಟು. ಐಫೆಲ್ ಗೋಪುರದ ಪುಟ ಹೀಗಿರಬೇಕು. ಪ್ಯಾರಿಸ್, ಸೆನ್ ನದಿಯ ದಡ. ಕಟ್ಟಿದ್ದು ಗುಸ್ತಾವ್ ಐಫೆಲ್ ಕಂಪನಿ. ಮೊದಲ ನಕ್ಷೆ ಅಲ್ಲಿನ ಎಂಜಿನಿಯರ್‌ಗಳಾದ ಮೋರಿಸ್ ಕೆಶ್ಲಿನ್ ಮತ್ತು ಎಮಿಲ್ ನೂಗಿಯೇ ಅವರದು. 1889, ಫ್ರೆಂಚ್ ಕ್ರಾಂತಿಯ ಶತಮಾನೋತ್ಸವದ ವಿಶ್ವ ಪ್ರದರ್ಶನಕ್ಕಾಗಿ. ಸಾಮಗ್ರಿ ರಾಟ್ ಐರನ್ ಬಗೆಯ ಕಬ್ಬಿಣ. ಉಕ್ಕು ಎಂದು ಬರೆದರೆ ತಪ್ಪಾಗುತ್ತದೆ. ಎತ್ತರ ಈಗ 330 ಮೀಟರ್. ಮೊದಲಿದ್ದದ್ದು ಧ್ವಜಸ್ತಂಭ ಸೇರಿ 312. ಆಂಟೆನಾಗಳಿಂದ ಏರುತ್ತಾ ಬಂದು 2022ರಲ್ಲಿ ಇನ್ನೊಂದು ಆಂಟೆನಾ ಸೇರಿದಾಗ 324 ಇದ್ದದ್ದು 330 ಆಯಿತು. ಹಳೆಯ ಗೈಡ್‌ನಲ್ಲಿ 324 ಇರುವುದು ಅದಕ್ಕೇ.

ಐಫೆಲ್ ಹೆಸರು ಇನ್ನೊಂದು ಕಡೆಯೂ ಬರುತ್ತದೆ, ಅದನ್ನೂ ಅದೇ ಪುಟದ ಕೆಳಗೆ ಬರೆಯಿರಿ. ನ್ಯೂಯಾರ್ಕ್‌ನ ಸ್ವಾತಂತ್ರ್ಯ ದೇವಿಯ ಪ್ರತಿಮೆಯ ಶಿಲ್ಪಿ ಬಾರ್ತೋಲ್ಡಿ, ಒಳಗಿನ ಕಬ್ಬಿಣದ ಚೌಕಟ್ಟು ಐಫೆಲ್‌ದು, ಉದ್ಘಾಟನೆ 1886ರಲ್ಲಿ. ಲಂಡನ್‌ನ ಬಿಗ್ ಬೆನ್ ಎಂಬುದು ಒಳಗಿನ ದೊಡ್ಡ ಗಂಟೆಯ ಹೆಸರು. ಗೋಪುರಕ್ಕೆ 2012ರಿಂದ ಎಲಿಜಬೆತ್ ಟವರ್ ಎಂದು ಹೆಸರು. ಚಿತ್ರಗಳಲ್ಲಿ ಕಾಣುವ ಎರಡು ಗೋಪುರದ ಸೇತುವೆ ಟವರ್ ಬ್ರಿಜ್, 1894ರದು. ಅದನ್ನು ಲಂಡನ್ ಬ್ರಿಜ್ ಎಂದು ಬರೆಯುವವರೇ ಹೆಚ್ಚು.

ಅಂಕಿ ಬರೆಯುವಾಗ ಅಳೆದದ್ದು ಎಲ್ಲಿಂದ ಎಲ್ಲಿಗೆ ಎಂಬುದೂ ಜೊತೆಗಿರಬೇಕು. ಇದನ್ನು ಬಿಟ್ಟರೆ ಎರಡು ಪುಸ್ತಕ ಎರಡು ಉತ್ತರ ಹೇಳುತ್ತವೆ, ಓದುವವರಿಗೆ ಯಾವುದು ಸರಿ ತಿಳಿಯುವುದಿಲ್ಲ. ವಿಜಯಪುರದ ಗೋಳಗುಮ್ಮಟವನ್ನೇ ನೋಡಿ. ಗುಮ್ಮಟದ ಹೊರವ್ಯಾಸ ಸುಮಾರು 44 ಮೀಟರ್, ಒಳವ್ಯಾಸ ಸುಮಾರು 38. ರೋಮ್‌ನ ಪ್ಯಾಂಥಿಯಾನ್ ಗುಮ್ಮಟದ ಒಳವ್ಯಾಸ 43.3 ಮೀಟರ್. ನಮ್ಮ ಹೊರಗಿನ ಅಳತೆಯನ್ನು ಅವರ ಒಳಗಿನ ಅಳತೆಗೆ ಹೋಲಿಸಿ ಗೋಳಗುಮ್ಮಟವೇ ದೊಡ್ಡದು ಎನ್ನುವುದು ನ್ಯಾಯವಲ್ಲ. ಒಳಕ್ಕೆ ಒಳವನ್ನೇ ಇಡಬೇಕು. ಆ ಕಟ್ಟಡದ ಹಿರಿಮೆಗೆ ಇದರಿಂದ ಕುಂದೇನೂ ಇಲ್ಲ. ಗಗನಚುಂಬಿಗಳಲ್ಲೂ ಇದೇ ಕಥೆ. 1998ರಲ್ಲಿ ಕೌಲಾಲಂಪುರದ ಪೆಟ್ರೋನಾಸ್ ಅವಳಿ ಗೋಪುರ 452 ಮೀಟರ್‌ಗೆ ಜಗತ್ತಿನ ಅತಿ ಎತ್ತರದ ಕಟ್ಟಡವೆನಿಸಿದ್ದು ಶಿಖರವನ್ನು ಲೆಕ್ಕಕ್ಕೆ ತೆಗೆದುಕೊಂಡು. ಶಿಕಾಗೊದ ಅಂದಿನ ಸಿಯರ್ಸ್ ಟವರ್‌ನ ಚಾವಣಿಯೇ 442 ಮೀಟರ್, ಮೇಲೆ ಆಂಟೆನಾ ಬೇರೆ. ಶಿಖರ ಕಟ್ಟಡದ ಭಾಗ, ಆಂಟೆನಾ ಅಲ್ಲ ಎಂಬುದು ಅಧಿಕೃತ ಪಟ್ಟಿಯ ನಿಯಮ. ದುಬೈನ ಬುರ್ಜ್ ಖಲೀಫಾ 828 ಮೀಟರ್, 2010. ಇಲ್ಲಿ ಗೊಂದಲವಿಲ್ಲ.

ಅದ್ಭುತಗಳ ಪಟ್ಟಿ ಮೂರಿವೆ, ಒಂದೇ ಪುಟದಲ್ಲಿ ಬೆರೆಸಬೇಡಿ. ಪ್ರಾಚೀನ ಏಳು ಅದ್ಭುತಗಳಲ್ಲಿ ಇಂದಿಗೂ ನಿಂತಿರುವುದು ಗೀಜಾದ ಮಹಾ ಪಿರಮಿಡ್ ಒಂದೇ. ತಾಜ್ ಮಹಲ್, ಮಾಚು ಪಿಚು, ಪೆಟ್ರಾ ಇರುವ ‘ಹೊಸ ಏಳು’ 2007ರಲ್ಲಿ ಖಾಸಗಿ ಸಂಸ್ಥೆಯೊಂದು ಮತ ಹಾಕಿಸಿ ಆರಿಸಿದ್ದು, ಯುನೆಸ್ಕೋಗೆ ಸಂಬಂಧವಿಲ್ಲ. ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿ ಬೇರೆಯೇ. ಹಂಪಿ 1986ರಲ್ಲಿ, ಪಟ್ಟದಕಲ್ಲು 1987ರಲ್ಲಿ, ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳು 2023ರಲ್ಲಿ ಸೇರಿದ್ದು ಅದಕ್ಕೆ.

ಬದಲಾಗುವ ಸಂಗತಿಗಳನ್ನು ಪೆನ್ಸಿಲ್‌ನಲ್ಲಿ ಬರೆದು ಪಕ್ಕದಲ್ಲಿ ವರ್ಷ ಹಾಕಿ. ಕಜಕಸ್ತಾನದ ರಾಜಧಾನಿ ಅಸ್ತಾನಾ 2019ರಲ್ಲಿ ನೂರ್‌ಸುಲ್ತಾನ್ ಆಗಿ, 2022ರಲ್ಲಿ ಮತ್ತೆ ಅಸ್ತಾನಾ ಆಯಿತು. ಇಸ್ತಾಂಬುಲ್‌ನ ಹಾಗಿಯಾ ಸೋಫಿಯಾ 537ರಲ್ಲಿ ಚರ್ಚ್ ಆಗಿ ಮುಗಿದು, 1453ರಲ್ಲಿ ಮಸೀದಿಯಾಗಿ, 1935ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆದು, 2020ರಲ್ಲಿ ಪುನಃ ಮಸೀದಿಯಾಯಿತು. ‘ಈಗ ಏನು’ ಎಂಬುದೂ ‘ಮೊದಲು ಏನು’ ಎಂಬುದೂ ಎರಡು ಬೇರೆ ಪ್ರಶ್ನೆ.

ಪುನರಾವರ್ತನೆಗೆ ಪುಟ ತಿರುವಿ ಹಾಕುವುದು ಸಾಲದು. ಬರೆದ ಮರುದಿನ, ವಾರದ ನಂತರ, ತಿಂಗಳ ನಂತರ ಖಾಲಿ ಮ್ಯಾಪ್ ತೆಗೆದು 10 ನಿಮಿಷದಲ್ಲಿ 20 ಊರು ಗುರುತಿಸಿ. ತಪ್ಪಾದರೆ ಸರಿಯುತ್ತರದ ಜೊತೆಗೆ ನೀವು ಯಾವ ಊರನ್ನು ಬರೆದಿದ್ದಿರೋ ಅದನ್ನೂ ದಾಖಲಿಸಿ; ನಿಮ್ಮ ತಲೆಯಲ್ಲಿ ಅದಲುಬದಲಾಗುವ ಜೋಡಿಗಳ ಪಟ್ಟಿ ತಾನಾಗಿ ಸಿದ್ಧವಾಗುತ್ತದೆ. ಪರೀಕ್ಷೆಗೆ ಒಂದು ವಾರ ಇರುವಾಗ ಆ ಪಟ್ಟಿಯನ್ನೂ ಪೆನ್ಸಿಲ್‌ನಲ್ಲಿ ಬರೆದ ಸಾಲುಗಳನ್ನೂ ಓದಿದರೆ ಸಾಕು, ಉಳಿದ ಪುಟಗಳನ್ನು ತೆರೆಯಬೇಕಿಲ್ಲ.