ಫ್ಲಾ ಪಾತ್ರೆಗೆ ಎಂಜಲು ಚಮಚ

ನೆದರ್‌ಲ್ಯಾಂಡ್ಸ್‌ನಲ್ಲಿ ಸಂಜೆ ಆರಕ್ಕೆಲ್ಲ ಊಟ. ತಟ್ಟೆ ಎತ್ತಿದ ಮೇಲೆ ಪುಟ್ಟ ಬಟ್ಟಲು ಬರುತ್ತದೆ. ಅದರಲ್ಲಿ ಬಹಳ ಸಲ ಫ್ಲಾ ಇರುತ್ತದೆ. ನಮ್ಮ ಫ್ರೂಟ್ ಸಲಾಡ್‌ಗೆ ಹಾಕುವ ಕಸ್ಟರ್ಡ್‌ನ ದಾಯಾದಿ ಇದು, ಆದರೆ ಸ್ವಲ್ಪ ತೆಳು. ಅಂಗಡಿಯಲ್ಲಿ ಹಾಲು, ಮೊಸರಿನ ಪಕ್ಕದಲ್ಲೇ ಲೀಟರ್ ಡಬ್ಬಿಗಳಲ್ಲಿ ಸಾಲಾಗಿ ನಿಂತಿರುತ್ತದೆ: ವೆನಿಲ್ಲಾ, ಚಾಕೊಲೇಟ್, ಕಾಫಿ ಮತ್ತು ಕ್ಯಾರಮೆಲ್ ರುಚಿಯ ಹೋಪ್ಯೆಸ್‌ಫ್ಲಾ. ಹಬ್ಬಕ್ಕೆ ಕಾಯುವ ಸಿಹಿ ಅಲ್ಲ. ನಮಗೆ ಕೊನೆಗೊಂದು ತುತ್ತು ಮಜ್ಜಿಗೆ ಅನ್ನ ಬೇಕಲ್ವಾ, ಹಾಗೆ.

ಡಬ್ಬಿಯದು ನನಗೆ ಸಿಹಿ ಜಾಸ್ತಿ. ಅದಕ್ಕೇ ಮನೆಯಲ್ಲೇ ಮಾಡಲು ಶುರು ಮಾಡಿದೆ. ಮೊದಲ ಸಲ ಕುದಿಯುವ ಹಾಲಿಗೆ ಕಾರ್ನ್‌ಫ್ಲೋರ್ ಸುರಿದೆ, ಬರೀ ಗಂಟು. ಅಂಬಲಿಗೆ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕದಡಿಕೊಳ್ಳುವವಳಿಗೆ ಇಲ್ಲಿ ಆ ಬುದ್ಧಿ ಯಾಕೆ ಓಡಲಿಲ್ಲವೋ!

ಈಗ ಅರ್ಧ ಲೀಟರ್ ಹಾಲಿಗೆ 20 ಗ್ರಾಂ ಕಾರ್ನ್‌ಫ್ಲೋರ್, 35 ಗ್ರಾಂ ಸಕ್ಕರೆ, ಎರಡು ಮೊಟ್ಟೆಯ ಹಳದಿ. ಈ ಮೂರನ್ನೂ ಸ್ವಲ್ಪ ತಣ್ಣನೆ ಹಾಲಲ್ಲಿ ಕದಡಿಡುತ್ತೇನೆ. ಉಳಿದ ಹಾಲಿಗೆ ವೆನಿಲ್ಲಾ ಕೋಡು ಸೀಳಿ ಹಾಕಿ ಕಾಯಿಸಿ, ಆ ಬಿಸಿ ಹಾಲನ್ನು ಕದಡಿದ್ದಕ್ಕೆ ಸ್ವಲ್ಪ ಸ್ವಲ್ಪವೇ ಬೆರೆಸಿ, ಎಲ್ಲವನ್ನೂ ಮತ್ತೆ ಒಲೆಗೆ ಇಡುತ್ತೇನೆ. ಕೈ ಬಿಡದೆ ತಿರುವುತ್ತಾ ಒಂದೆರಡು ನಿಮಿಷ ಗುಳುಗುಳು ಕುದಿಯಲೇಬೇಕು. ಹಸಿ ಹಳದಿಯಲ್ಲಿ ಹಿಟ್ಟನ್ನು ಕರಗಿಸುವ ಗುಣವಿದೆ. ಸರಿಯಾಗಿ ಕುದಿಯದಿದ್ದರೆ ಆಮೇಲೆ ನೀರಾಗುತ್ತದೆ. ಮೊಟ್ಟೆ ಬೇಡದವರಿಗೆ 25 ಗ್ರಾಂ ಹಿಟ್ಟು ಸಾಕು. ಬಣ್ಣಕ್ಕೆ ಅಂತ ಅರಿಶಿನ ಹಾಕಬೇಡಿ. ನಾನು ಹಾಕಿ ನೋಡಿದ್ದೇನೆ.

ಆರುವಾಗ ಮೇಲೆ ಕೆನೆಯಂಥ ಪದರ ಕಟ್ಟುತ್ತದೆ. ಪ್ಲಾಸ್ಟಿಕ್ ಹಾಳೆಯನ್ನು ಫ್ಲಾಗೆ ತಾಗುವಂತೆಯೇ ಹಾಸಿದರೆ ಕಟ್ಟುವುದಿಲ್ಲ.

ಇಷ್ಟೆಲ್ಲ ಕಲಿತ ಮೇಲೂ ಒಂದು ದಿನ ಕೆಟ್ಟಿತು. ರಾತ್ರಿ ಫ್ರಿಜ್‌ಗೆ ಇಟ್ಟಾಗ ಚೆನ್ನಾಗಿಯೇ ಇತ್ತು. ಬೆಳಗ್ಗೆ ನೋಡಿದರೆ ನೀರು ಮಜ್ಜಿಗೆ. ಹಾಲು ಒಡೆದಿರಬೇಕು ಅಂದುಕೊಂಡು ಪಕ್ಕದ ಮನೆಯ ಅಜ್ಜಿಗೆ ತೋರಿಸಿದೆ. ಅವರು ಮೂಸಿ ಕೂಡ ನೋಡಲಿಲ್ಲ. "ಚಮಚ ನೆಕ್ಕಿ ಮತ್ತೆ ಅದರೊಳಗೇ ಹಾಕಿದೆಯಾ?" ಅಂದರು.

ಹೌದು, ಹಾಕಿದ್ದೆ. ಸಿಹಿ ನೋಡಲು, ಸುಮ್ನೆ ಒಂದೇ ಸಲ. ನಮ್ಮ ಜೊಲ್ಲಿನಲ್ಲಿ ಅಮೈಲೇಸ್ ಅನ್ನೋ ಕಿಣ್ವ ಇದೆ. ಫ್ಲಾವನ್ನು ಮಂದವಾಗಿ ಹಿಡಿದಿಟ್ಟಿರುವುದು ಹಿಟ್ಟು. ಅಮೈಲೇಸ್ ಆ ಹಿಟ್ಟನ್ನೇ ಒಡೆದು ಸಕ್ಕರೆಯಾಗಿಸುತ್ತದೆ. ಎಂಜಲು ಮಾಡಬೇಡ ಅಂತ ಅಮ್ಮ ಸೌಟಲ್ಲಿ ಕೈಗೆ ತಟ್ಟುತ್ತಿದ್ದದ್ದು ನೆನಪಾಯಿತು. ಅವರಿಗೆ ಫೋನಿನಲ್ಲಿ ಹೇಳಿದೆ. "ಇದಕ್ಕೆ ಅಷ್ಟು ದೂರ ಹೋಗಬೇಕಿತ್ತಾ?" ಅಂದರು.

ಹಿಂದೆ ಫ್ಲಾ ಗಾಜಿನ ಬಾಟಲಿಯಲ್ಲಿ ಬರುತ್ತಿತ್ತಂತೆ. ತಳದಲ್ಲಿ ಅಂಟಿದ್ದನ್ನು ಕೆರೆಯಲೆಂದೇ ಫ್ಲೆಸ್ಸೆನ್‌ಲಿಕ್ಕರ್ ಅನ್ನೋ ಸಾಧನ ಇತ್ತು. ಅಂದರೆ ಬಾಟಲಿ ನೆಕ್ಕುವುದು. ಉದ್ದನೆ ಕಡ್ಡಿ, ತುದಿಗೆ ಅರ್ಧ ಚಂದ್ರದಂಥ ರಬ್ಬರ್. ಅಜ್ಜಿ ಡ್ರಾಯರ್‌ನಿಂದ ಒಂದು ತೆಗೆದು ನನಗೇ ಕೊಟ್ಟರು. ನನ್ನ ಫ್ಲಾ ಇರುವುದು ಪಾತ್ರೆಯಲ್ಲಿ, ಅದಕ್ಕೆ ಇದು ಬೇಕಾಗಿಲ್ಲ. ಮಾವಿನಕಾಯಿ ಉಪ್ಪಿನಕಾಯಿ ಬಾಟಲಿಯ ತಳಕ್ಕೆ ಮಾತ್ರ ಸರಿಯಾಗಿ ಮುಟ್ಟುತ್ತದೆ.