ಲಿನಕ್ಸ್ ಡ್ರೈವರ್ ತಿದ್ದುವವರಿಗೆ: ಸಾಧನ ನಿದ್ರೆಗೆ ಜಾರದಿದ್ದರೆ ಮೊದಲು ಎಣಿಕೆಯನ್ನು ನೋಡಿ

ಬಳಕೆಯಲ್ಲಿಲ್ಲದ ಸಾಧನವೊಂದು ಕಡಿಮೆ ವಿದ್ಯುತ್ತಿನ ಸ್ಥಿತಿಗೆ ಇಳಿಯುತ್ತಲೇ ಇಲ್ಲವೆಂದು ಕಂಡುಬಂದರೆ, ಹಾರ್ಡ್‌ವೇರನ್ನು ಶಂಕಿಸುವ ಮೊದಲು ಡ್ರೈವರ್‌ನ (ಸಾಧನವನ್ನು ನಡೆಸುವ ತಂತ್ರಾಂಶದ) ಬಳಕೆಯ ಎಣಿಕೆಯನ್ನು ಪರಿಶೀಲಿಸಿರಿ. ಸಾಧನ ಬೇಕಾದಾಗ ಡ್ರೈವರ್ ಈ ಎಣಿಕೆಯನ್ನು ಏರಿಸುತ್ತದೆ, ಕೆಲಸ ಮುಗಿದ ಮೇಲೆ ಇಳಿಸುತ್ತದೆ. ಅದು ಸೊನ್ನೆಗೆ ಬಾರದ ಹೊರತು ಸಾಧನಕ್ಕೆ ನಿದ್ರೆಯಿಲ್ಲ.

ನನ್ನ ಅನುಭವದಲ್ಲಿ ಇಂತಹ ದೋಷಗಳು ಹೆಚ್ಚಾಗಿ ಅಡಗಿರುವುದು ವೈಫಲ್ಯವನ್ನು ನಿಭಾಯಿಸುವ ಸಾಲುಗಳಲ್ಲಿ. ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಎಂಬ ಫಂಕ್ಷನ್, ಸಾಧನವನ್ನು ಎಚ್ಚರಿಸುವಲ್ಲಿ ಸೋತರೂ ಎಣಿಕೆಯನ್ನು ಮಾತ್ರ ಏರಿಸಿಯೇ ಇರುತ್ತದೆ. ಆದ್ದರಿಂದ ದೋಷದ ಸಂಖ್ಯೆಯನ್ನು ಕಂಡೊಡನೆ ನೇರವಾಗಿ ಹಿಂದಿರುಗುವ ಕೋಡ್ ಒಂದು ಎಣಿಕೆಯನ್ನು ಬಾಕಿ ಉಳಿಸಿಬಿಡುತ್ತದೆ. ಇದಲ್ಲದೆ, ಸಾಧನ ಮೊದಲೇ ಎಚ್ಚರವಾಗಿದ್ದರೆ ಈ ಫಂಕ್ಷನ್ 1 ಅನ್ನು ಹಿಂದಿರುಗಿಸುವುದರಿಂದ, ಸೊನ್ನೆಯಲ್ಲದ್ದನ್ನೆಲ್ಲ ದೋಷವೆಂದು ಭಾವಿಸುವುದೂ ತಪ್ಪು. ಋಣ ಸಂಖ್ಯೆ ಮಾತ್ರ ದೋಷದ ಸೂಚನೆ.

ಲಿನಕ್ಸ್ ಕರ್ನಲ್‌ನ (ತಿರುಳು ತಂತ್ರಾಂಶದ) 5.10ನೆಯ ಆವೃತ್ತಿಯಿಂದ ದೊರೆಯುವ ಪಿಎಂ_ರನ್‌ಟೈಮ್_ರೆಸ್ಯೂಮ್_ಅಂಡ್_ಗೆಟ್ ಬಳಸಿದರೆ ಈ ಎರಡೂ ತೊಡಕುಗಳಿಲ್ಲ: ಅದು ಸೋತಾಗ ಎಣಿಕೆಯನ್ನು ತಾನೇ ಇಳಿಸುತ್ತದೆ, ಗೆದ್ದಾಗ ಸೊನ್ನೆಯನ್ನೇ ಕೊಡುತ್ತದೆ. ಆದರೆ ದಯವಿಟ್ಟು ಕಣ್ಣುಮುಚ್ಚಿ ಹೆಸರು ಬದಲಿಸಬೇಡಿ. ಹಳೆಯ ಕೋಡ್ ವೈಫಲ್ಯದ ದಾರಿಯಲ್ಲಿ ಎಣಿಕೆಯನ್ನು ಇಳಿಸುತ್ತಿದ್ದರೆ ಆ ಸಾಲನ್ನು ತೆಗೆಯಲೇಬೇಕು, ಇಲ್ಲದಿದ್ದರೆ ಎಣಿಕೆ ಎರಡು ಬಾರಿ ಇಳಿದು, ಬಳಕೆಯಲ್ಲಿರುವ ಸಾಧನವೇ ನಿದ್ರೆಗೆ ಜಾರೀತು.

ಇಡೀ ಯಂತ್ರ ಸಸ್ಪೆಂಡ್ ಆಗುವಾಗ (ನಿದ್ರಾಸ್ಥಿತಿಗೆ ಹೋಗುವಾಗ) ಸಿಲುಕುತ್ತಿದ್ದರೆ ದಾರಿ ಬೇರೆ. ಕರ್ನಲ್‌ನ ಮಾಹಿತಿಯನ್ನು ಕಡತಗಳಾಗಿ ತೋರಿಸುವ ಸಿಸ್ ಕಡತವ್ಯವಸ್ಥೆಯ ಪವರ್ ಡೈರೆಕ್ಟರಿಯಲ್ಲಿರುವ ಪಿಎಂ_ಟೆಸ್ಟ್ ಕಡತಕ್ಕೆ ಮೊದಲು ಫ್ರೀಜರ್ (ಪ್ರೋಗ್ರಾಂಗಳನ್ನು ತಡೆಹಿಡಿಯುವುದು), ಅನಂತರ ಡಿವೈಸಸ್ (ಜೊತೆಗೆ ಸಾಧನಗಳನ್ನೂ ನಿದ್ರೆಗೆ ಕಳಿಸುವುದು) ಎಂಬ ಹಂತಗಳನ್ನು ಬರೆದು ಪ್ರತಿ ಬಾರಿಯೂ ಸಸ್ಪೆಂಡ್ ಮಾಡಿ ನೋಡಿರಿ; ಎರಡನೆಯದರಲ್ಲಿ ಮಾತ್ರ ಯಂತ್ರ ಸಿಲುಕಿದರೆ ತಪ್ಪು ಬಹುಮಟ್ಟಿಗೆ ಯಾವುದೋ ಡ್ರೈವರ್‌ನಲ್ಲಿದೆ.