ಕುಂಡದ ತಳದಲ್ಲಿ ಬರುವ ಆಫ್ರಿಕಾದ ಸ್ಲಗ್: ನರ್ಸರಿಯಲ್ಲಿ ನಾನು ತಡೆಯುವ ಬಗೆ

ಮಳೆಗಾಲದಲ್ಲಿ ಚೆಂಡುಹೂವಿನ ಸಸಿ ಬೆಳಗಾಗುವಷ್ಟರಲ್ಲಿ ಬರೀ ಕಡ್ಡಿಯಾಗಿದ್ದರೆ ಎಲ್ಲರೂ ಬೈಯುವುದು ಶಂಖದ ಹುಳುವನ್ನೇ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ನೋಡಿ. ಚಿಪ್ಪಿಲ್ಲದ, ಚಪ್ಪಟೆಯಾದ, ಕಪ್ಪುಗಂದು ಹುಳು, ಬೆನ್ನ ನಡುವೆ ಉದ್ದಕ್ಕೂ ಮಾಸಲು ಗೆರೆ ಕಂಡರೆ ಅದು ಲೇವಿಕಾಲಿಸ್ ಆಲ್ಟೆ ಎಂಬ ಆಫ್ರಿಕಾದ ಸ್ಲಗ್. ಮಗುಚಿದರೆ ಅನುಮಾನವೇ ಉಳಿಯದು: ದೊಡ್ಡ ಹುಳುವಿನಲ್ಲೂ ತೆವಳುವ ಪಾದ ನಾಲ್ಕೈದು ಮಿಲಿಮೀಟರ್ ಅಗಲದ ಪಟ್ಟಿಯಷ್ಟೇ.

ಇದರ ಮೂಲ ಉಷ್ಣವಲಯದ ಆಫ್ರಿಕಾ. ಭಾರತ, ಆಗ್ನೇಯ ಏಷ್ಯಾ, ಆಸ್ಟ್ರೇಲಿಯಾ, ಹವಾಯಿಗೆಲ್ಲ ಹಬ್ಬಿದೆ. ಮಣ್ಣು, ಕುಂಡ, ಗಿಡಗಳ ಜೊತೆ ಸಾಗಿಸಿದವರು ನಾವೇ. ಹಾಗಾಗಿ ನನ್ನ ಮಟ್ಟಿಗೆ ಔಷಧಿಗಿಂತ ಗೇಟಿನಲ್ಲಿ ಮಾಡುವ ತಪಾಸಣೆ ದೊಡ್ಡದು. ಬಂದ ಗಿಡವನ್ನು ನೆಲಕ್ಕಿಳಿಸದೆ ಕಬ್ಬಿಣದ ಸ್ಟ್ಯಾಂಡ್ ಮೇಲೆ ಮೂರು ನಾಲ್ಕು ವಾರ ಬೇರೆ ಇಡುತ್ತೇನೆ. ಕುಂಡ ಎತ್ತಿ ನೀರು ಬಸಿಯುವ ತೂತು ನೋಡುತ್ತೇನೆ, ಮರಿಗಳು ಅಡಗುವುದು ಅಲ್ಲೇ. ಮೇಲ್ಮಣ್ಣು ಕೆದಕಿದಾಗ ದಾರಕ್ಕೆ ಪೋಣಿಸಿ ಸುತ್ತಿಟ್ಟಂಥ ಅರೆಪಾರದರ್ಶಕ ಮೊಟ್ಟೆ ಸಿಕ್ಕರೆ ಆ ಮಣ್ಣನ್ನು ಪೂರ್ತಿ ತೆಗೆದು ಕುದಿನೀರು ಹುಯ್ಯುತ್ತೇನೆ.

ಒಳಗೆ ಸೇರಿದ್ದಕ್ಕೆ ಒದ್ದೆ ಗೋಣಿತಾಟು. ಸಂಜೆ ಸಾಲುಗಳ ನಡುವೆ ಹಾಸಿ ಅಡಿಗೆ ಕೋಸಿನ ಎಲೆ, ಪಪ್ಪಾಯ ಸಿಪ್ಪೆ ಇಟ್ಟು, ಬಿಸಿಲೇರುವ ಮುಂಚೆ ತಾಟು ಮಗುಚಿ ಹುಳುಗಳನ್ನು ಆರಿಸಿ ತೆಗೆಯಬೇಕು. ತಡವಾದರೆ ಮಣ್ಣಿನ ಬಿರುಕಿಗೆ ಇಳಿದುಬಿಡುತ್ತವೆ. ನೀರು ಹಾಕುವುದನ್ನು ಸಂಜೆಯಿಂದ ಬೆಳಿಗ್ಗೆಗೆ ಬದಲಿಸಿದರೆ ರಾತ್ರಿ ನೆಲ ಒಣಗಿದ್ದು ಇವುಗಳ ಓಡಾಟ ತಗ್ಗುತ್ತದೆ. ಕಾಸು ಖರ್ಚಿಲ್ಲದ ಈ ಉಪಾಯವನ್ನು ಯಾಕೋ ಯಾರೂ ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಮೆಟಾಲ್ಡಿಹೈಡ್ 2.5% ಗುಳಿಗೆ ಕೊನೆಯ ಅಸ್ತ್ರ. ಗುಡ್ಡೆ ಹಾಕದೆ, ಪೊಟ್ಟಣದ ಮೇಲಿನ ಪ್ರಮಾಣದಲ್ಲೇ ಅಲ್ಲಲ್ಲಿ ಚೆಲ್ಲಬೇಕು. ಇದನ್ನು ತಿಂದ ಹುಳು ಲೋಳೆ ಸುರಿಸಿ ನೀರಿನಂಶ ಕಳೆದುಕೊಂಡು ಸಾಯುತ್ತದೆ. ಜಡಿಮಳೆಯಲ್ಲಿ ಹೀರಿದ ನೀರಿನಿಂದಲೇ ಚೇತರಿಸಿಕೊಳ್ಳುವುದುಂಟು, ಗುಳಿಗೆಯೂ ಕರಗಿ ಹೋಗುತ್ತದೆ. ಆದ್ದರಿಂದ ಮಳೆ ಬಿಟ್ಟ ಸಂಜೆಯೇ ಸರಿ. ನಾಯಿಗೆ ಇದು ವಿಷ. ಮನೆಯಂಗಳದಲ್ಲಾದರೆ ಕಬ್ಬಿಣದ ಫಾಸ್ಫೇಟ್ ಗುಳಿಗೆ ವಾಸಿ, ಕೆಲಸ ಮಾತ್ರ ನಿಧಾನ. ಮಡಿಗೆ ಉಪ್ಪು ಚೆಲ್ಲಿದರೆ ಹುಳುವಿನ ಜೊತೆ ಬೇರೂ ಸುಡುತ್ತದೆ.

ಬರಿಗೈಲಿ ಹಿಡಿಯಬೇಡಿ. ಇಲಿಗಳ ಶ್ವಾಸಕೋಶದ ಜಂತು ಇದರಲ್ಲಿರಬಹುದು, ಮನುಷ್ಯರ ಹೊಟ್ಟೆ ಸೇರಿದರೆ ಮಿದುಳಿನ ಪೊರೆಗೆ ಉರಿಯೂತ ತರುತ್ತದೆ. ಕೈಗವಸು ತೊಟ್ಟು ಇಕ್ಕಳದಿಂದ ಹಿಡಿದು, ಮುಚ್ಚಳವಿರುವ ಬಕೆಟ್ಟಿನಲ್ಲಿ ಹತ್ತು ಲೀಟರ್ ನೀರಿಗೆ ಎರಡು ಕಿಲೋ ಕಲ್ಲುಪ್ಪು ಕಲಸಿ ಅದರೊಳಗೆ ಹಾಕಿ. ಸತ್ತದ್ದನ್ನು ಆಳವಾಗಿ ಹೂಳಿ, ಉಪ್ಪುನೀರನ್ನು ಗಿಡಗಳಿಂದ ದೂರ ಚೆಲ್ಲಿ.